ಮದಾಮ್ ಪೆಲಿಸಿಯೆಗೆ ಚಪ್ಪಾಳೆ

ಕ್ಲೋತಿಲ್ದ್ ಅಮ್ಮನ ಶವಪೆಟ್ಟಿಗೆಯ ಮೇಲಿದ್ದ ಹೂಚಕ್ರದ ರಿಬ್ಬನ್ನನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದಳು. ಕತ್ತರಿ ಕೇಳಿದರೆ ಚರ್ಚಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ರಿಬ್ಬನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ, 'ನಮ್ಮ ಮದಾಮ್ ಪೆಲಿಸಿಯೆಗೆ' ಎಂದು ಬರೆಸಿದ್ದರು.

"ಅಯ್ಯೋ, ಅದು ಕೇರಿಯವರೆಲ್ಲ ಸೇರಿ ತಂದಿದ್ದು ಕಣಮ್ಮಾ!" ಎಂದಳು ಬಂದರಿನಲ್ಲಿ ಮೀನು ಮಾರುವ ಮುದುಕಿ ರುಕೆರೋಲ್.

"ಪೆಲಿಸಿಯೆ ಯಾರಜ್ಜೀ? ನಮ್ಮಮ್ಮನ ಹೆಸರು ಸೊಲಾಂಜ್. ಪೆಲಿಸಿಯೆ ಟೀವಿ ಧಾರಾವಾಹಿಯಲ್ಲಿ ಔಷಧಿ ಅಂಗಡಿ ಇಟ್ಕೊಂಡಿದ್ದೋಳು."

"ಗೊತ್ತು ಬಿಡೇ. ಆದ್ರೂ ನನ್ನ ಮಂಡಿಗೆ ಈಗ್ಲೂ ಅವಳು ಹೇಳಿದ ಮುಲಾಮೇ ಹಚ್ತಾ ಇರೋದು."

"ಅಮ್ಮನಿಗೆ ತಲೆನೋವಿನ ಮಾತ್ರೆ ಯಾವುದು ಅಂತ್ಲೂ ಗೊತ್ತಿರ್ಲಿಲ್ಲ!"

"ಇರಬಹುದು. ಆದ್ರೆ ನನ್ನ ನೋವು ಹೋಯ್ತಲ್ಲ?"

ಕ್ಲೋತಿಲ್ದ್ ಹರಿದ ರಿಬ್ಬನ್ನನ್ನು ಕೋಟಿನ ಜೇಬಿಗೆ ತುರುಕಿಕೊಂಡಳು. ಬಾಗಿಲ ಬಳಿ ಊರವರು ಸಾಲುಗಟ್ಟಿ ಸಂತಾಪ ಹೇಳುತ್ತಿದ್ದರು. ಹೇಳುತ್ತಿದ್ದದ್ದು ಮಗಳಿಗಲ್ಲ, ಅನ್ಸೆಲ್ಮನಿಗೆ. ಧಾರಾವಾಹಿಯಲ್ಲಿ ಪೆಲಿಸಿಯೆಯ ಗಂಡನ ಪಾತ್ರ ಅವನದು. ಅವನೂ ತಲೆಯಾಡಿಸುತ್ತ ಒಬ್ಬೊಬ್ಬರ ಕೈ ಹಿಡಿದು, "ಏನು ಮಾಡೋದು, ಗಟ್ಟಿಯಾಗಿರಬೇಕು" ಅನ್ನುತ್ತಿದ್ದ.

ಸಾಲು ಕರಗಿದ ಮೇಲೆ ಅವನೇ ಅವಳ ಹತ್ತಿರ ಬಂದ.

"ಮಗಳೇ, ಪೆಟ್ಟಿಗೆ ಆಚೆ ಬರುವಾಗ ನಾವೆಲ್ಲ ಚಪ್ಪಾಳೆ ಹೊಡೀತೀವಿ. ನಟರು ಹೋದಾಗ ಹಾಗೇ ತಾನೆ ಕಳಿಸಿಕೊಡೋದು."

"ಬೇಡ."

"ಯಾಕಮ್ಮಾ?"

"ನಿಮ್ಮ ಧಾರಾವಾಹಿಯವರು ಅಮ್ಮನನ್ನ ಹೇಗೆ ಸಾಯಿಸಿದ್ರು, ನೆನಪಿದೆಯಾ? ಒಂದು ಸೀನೂ ಇಲ್ಲ. 'ಪೆಲಿಸಿಯೆ ಮೆಟ್ಟಿಲಿಂದ ಜಾರಿ ಬಿದ್ದು ಹೋಗಿಬಿಟ್ಲು' ಅಂತ ಒಂದೇ ಒಂದು ಮಾತು. ಅದನ್ನ ನೀವು ಬ್ರೆಡ್ಡಿಗೆ ಬೆಣ್ಣೆ ಹಚ್ತಾ ಹೇಳಿದ್ರಿ."

"ಆ ಮಾತು ಬರೆದದ್ದು ನಾನಲ್ಲವಲ್ಲ."

"ಬೆಣ್ಣೆ ಹಚ್ಚಿದ್ದು ನೀವೇ. ಆಮೇಲೆ ನಿಮ್ಮಲ್ಲಿ ಒಬ್ರಾದ್ರೂ ಫೋನ್ ಮಾಡಿದ್ರಾ? ಈಗ ಚಪ್ಪಾಳೆಯಂತೆ!"

ಅನ್ಸೆಲ್ಮ್ ಟೋಪಿಯ ಅಂಚನ್ನು ತಿರುವಿದ. "ಬೈಯಿ. ಆದ್ರೆ ಒಂದು ಯೋಚನೆ ಮಾಡು. ಇಷ್ಟು ವರ್ಷ ದುಡಿದ್ಲು, ಒಬ್ಬರೂ ಅವಳಿಗೆ ಚಪ್ಪಾಳೆ ಹೊಡೆದಿಲ್ಲ. ಟೀವಿ ಕೆಲಸದಲ್ಲಿ ಯಾರು ಹೊಡೀತಾರೆ ಹೇಳು? ಇವತ್ತು ಬಿಟ್ರೆ ಅವಳಿಗೆ ಇನ್ಯಾವತ್ತು?"

ಅವನು ಹೇಳಿದ್ದು ನಿಜವೆಂದು ಕ್ಲೋತಿಲ್ದ್‌ಗೂ ಗೊತ್ತಿತ್ತು. ಅದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು.

*

ಅವಳು ಅಮ್ಮನ ಶೂಟಿಂಗ್ ನೋಡಿದ್ದು ಒಂದೇ ಸಲ. ಮಗ ಸತ್ತ ಸುದ್ದಿ ಪೆಲಿಸಿಯೆಗೆ ಫೋನಿನಲ್ಲಿ ಬರುವ ದೃಶ್ಯ. ಆವತ್ತು ಶಾಟ್ ಶುರುವಿಗೆ ಕ್ಲ್ಯಾಪ್ ಹೊಡೆಯುವ ಹಲಗೆ ಎಲ್ಲೋ ಕಳೆದುಹೋಗಿ, ಸಹಾಯಕನೊಬ್ಬ ಕ್ಯಾಮೆರಾ ಮುಂದೆ ಬಂದು ಅಂಗೈಯನ್ನೇ ಒಮ್ಮೆ ತಟ್ಟಿದ. ಅಷ್ಟೇ. ಏಣಿ ಹತ್ತುತ್ತಿದ್ದವನು ಅರ್ಧದಲ್ಲೇ ನಿಂತ. ಬಾಯಲ್ಲಿ ಬ್ರೆಡ್ ಇದ್ದವಳು ಅಗಿಯುವುದನ್ನು ನಿಲ್ಲಿಸಿದಳು. 'ಕಟ್' ಅನ್ನುವವರೆಗೆ ಅಲ್ಲಿ ಯಾರೂ ಕೆಮ್ಮುವಂತಿರಲಿಲ್ಲ.

ಸೊಲಾಂಜ್ ಅತ್ತಳು. ಮೂಲೆಯಲ್ಲಿ ನಿಂತ ಕ್ಲೋತಿಲ್ದ್ ಅದು ನಟನೆಯೆಂಬುದನ್ನೇ ಮರೆತಳು.

"ಕಟ್. ಮುಂದಿನದು," ಎಂದ ನಿರ್ದೇಶಕ. ಹುಡುಗರು ಸೆಟ್ಟಿನ ಅಡುಗೆಮನೆಯ ಗೋಡೆ ಕಳಚತೊಡಗಿದರು. ಸೊಲಾಂಜ್ ರಿಸೀವರ್ ಹಿಡಿದುಕೊಂಡೇ ಸುತ್ತ ನೋಡುತ್ತ, "ಸರಿ ಬಂತಾ?" ಎಂದಳು.

"ಧ್ವನಿ ಸ್ವಚ್ಛವಾಗಿ ಬಂದಿದೆ," ಎಂದ ಧ್ವನಿಮುದ್ರಣದ ಗೊಂತ್ರಾನ್, ವೈರು ಸುತ್ತುತ್ತ.

ರಾತ್ರಿ ಊಟಕ್ಕೆ ಕೂತಾಗ ಅಮ್ಮ, "ಧ್ವನಿ ಸ್ವಚ್ಛವಾಗಿ ಬಂದಿದೆಯಂತೆ ಕಣೇ," ಎಂದಳು.

"ಅಷ್ಟಕ್ಕೇ ಖುಷಿನಾ ನಿನಗೆ?"

"ಮತ್ತಿನ್ನೇನು ಹೇಳ್ತಾರೆ?" ಸೊಲಾಂಜ್ ಸೂಪು ಬಡಿಸಿಕೊಂಡಳು.

*

ಪೂಜೆ ಮುಗಿಯಿತು. ಪಾದ್ರಿ ಎರಡು ಸಲ ಸೊಲಾಂಜ್ ಎಂದೂ ಒಂದು ಸಲ ಪೆಲಿಸಿಯೆ ಎಂದೂ ಹೇಳಿದರು. ಕ್ಲೋತಿಲ್ದ್ ಅನ್ಸೆಲ್ಮನ ತೋಳು ತಿವಿದಳು. "ಹೊಡೀರಿ, ಮಾರಾಯರೇ. ಆದ್ರೆ ಜೋರಾಗಿ ಹೊಡೀರಿ. ಕಾಟಾಚಾರಕ್ಕೆ ಬೇಡ."

ಧಾರಾವಾಹಿಯ ಹಳೆಯ ಯೂನಿಟ್ಟಿನವರು ಮೆಟ್ಟಿಲ ಎರಡೂ ಬದಿಗೆ ನಿಂತಿದ್ದರು. ನಾಲ್ವರ ಹೆಗಲ ಮೇಲೆ ಪೆಟ್ಟಿಗೆ ಬಾಗಿಲು ದಾಟಿ ಬಿಸಿಲಿಗೆ ಬಂತು. ಅನ್ಸೆಲ್ಮ್ ಮುಂದೆ ಬಂದು, ಕೈಗಳನ್ನು ಅಗಲವಾಗಿ ಎತ್ತಿ ಒಮ್ಮೆ ತಟ್ಟಿದ.

ಯೂನಿಟ್ಟಿನವರೆಲ್ಲ ಸ್ತಬ್ಧರಾದರು.

ಮೇಕಪ್ಪಿನವಳು ಮೂಗಿಗೆ ಒತ್ತಿದ ಕರವಸ್ತ್ರ ಅಲ್ಲೇ ನಿಂತಿತು. ಸಿಗರೇಟು ಹಚ್ಚುತ್ತಿದ್ದವನು ಕಡ್ಡಿ ಬೆರಳು ಸುಡುತ್ತಿದ್ದರೂ ಕದಲಲಿಲ್ಲ. ಅವರನ್ನು ನೋಡಿ, ಇದೇ ಪದ್ಧತಿಯಿರಬೇಕೆಂದು ಪೆಟ್ಟಿಗೆ ಹೊತ್ತವರೂ ನಿಂತುಬಿಟ್ಟರು.

"ಏನಾಯ್ತೇ?" ಎಂದಳು ರುಕೆರೋಲ್.

ಗೊಂತ್ರಾನ್ ಅವಳತ್ತ ಕಣ್ಣು ಕೆಕ್ಕರಿಸಿದ. ಅವಳು ಬಾಯಿ ಮುಚ್ಚಿಕೊಂಡಳು.

ಅಯ್ಯೋ, ಇವರ ಮನೆ ಹಾಳಾಗ! ಒಂದು ಚಪ್ಪಾಳೆಯನ್ನಾದರೂ ನೆಟ್ಟಗೆ ಹೊಡೆಯಲು ಬಾರದ ಜನ. ಕ್ಲೋತಿಲ್ದ್ ನಿರ್ದೇಶಕನಿಗಾಗಿ ಸುತ್ತ ಹುಡುಕಿದಳು. ಆ ಮಹಾಶಯ ಬಂದೇ ಇರಲಿಲ್ಲ. 'ಕಟ್' ಅನ್ನುವವರು ಯಾರೂ ಇರಲಿಲ್ಲ. ಆ ಮಾತು ಅವಳ ನಾಲಿಗೆಯ ತುದಿಗೇ ಬಂತು.

ಅವಳು ಅಮ್ಮನ ಕಡೆ ನೋಡಿದಳು. ಆಮೇಲೆ ಅವರ ಕಡೆ. ಅಷ್ಟು ಜನರೂ ಉಸಿರು ಬಿಗಿಹಿಡಿದು ಪೆಟ್ಟಿಗೆಯೊಂದನ್ನೇ ನೋಡುತ್ತಿದ್ದರು. ಅವಳು ಬಾಯಿ ತೆರೆಯಲಿಲ್ಲ.

ಬಂದರಿನಲ್ಲಿ ದೋಣಿಯ ಹಗ್ಗವೊಂದು ಕಿರುಗುಟ್ಟಿತು. ಹೊತ್ತವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಅನ್ಸೆಲ್ಮನ ಎರಡು ಅಂಗೈ ಎದೆಯ ಮುಂದೆ ಕೂಡಿದ್ದು ಕೂಡಿದ ಹಾಗೆಯೇ ಇದ್ದವು.