ಬಸ್ರಾದವನ ನೀರು

ಉಸ್ಮಾನಸಾಬನ ಶವವಿದ್ದ ಜನಾಜಾ ಹೊರಲು ನಾಲ್ವರು ಬಗ್ಗಿದ್ದರು. ಹೊಸ್ತಿಲಲ್ಲಿ ನಿಂತ ಮೈನಾಬಿ, "ತಡೀರಿ," ಎಂದಳು.

ಮುಲ್ಲಾ ಬಂದೇನವಾಜ ಆಗಷ್ಟೇ ನೆರೆದವರನ್ನು ಕೇಳಿ ಮುಗಿಸಿದ್ದರು: "ಉಸ್ಮಾನಸಾಬನಿಂದ ಯಾರಿಗರ ನೋವಾಗಿದ್ರ ಮಾಫ್ ಮಾಡ್ರಿ." ಮಮದಾಪುರದ ಮಂದಿಯೆಲ್ಲ ಬಾಯಿತುಂಬ "ಮಾಫ್" ಅಂದಿದ್ದರು. ಅನ್ನದೇ ಏನು? ಅವಳ ಗಂಡ ಈ ಊರಲ್ಲಿ ಒಬ್ಬರ ಕೋಳಿಗೂ ಕಲ್ಲೆಸೆದವನಲ್ಲ.

"ಇನ್ನೊಬ್ಬಾಂವ ಅನ್ನಬೇಕಲ್ರಿ. ಬಸ್ರಾದಾಂವ," ಎಂದಳು ಮೈನಾಬಿ.

ನೆರೆಮನೆಯ ಪರಪ್ಪ ತಲೆ ತಗ್ಗಿಸಿದ. "ಅದು ಲಡಾಯಿ, ವೈನಿ. ಸರಕಾರದ ಹುಕುಮ. ಪಾಪಾನೂ ಸರಕಾರದ್ದ."

"ಹಂಗಾರ ಸರಕಾರ ಮಣ್ಣಿಗೆ ಬಂದೈತೇನು?"

ಗೋಕಾಕದ ಸಂತೆಯಲ್ಲಿ ಹೊಸ ಲಡಾಯಿಗೆ ಹುಡುಗರ ಭರ್ತಿ ನಡೆದಿದ್ದ ವರ್ಷ ಅದು. ಮುಲ್ಲಾ ಕೈಸನ್ನೆ ಮಾಡಿದರು, ಜನಾಜಾ ಹೊರಟಿತು.

*

ಹಿಂದಿನ ಲಡಾಯಿಯಿಂದ ಮರಳಿದ ವರ್ಷವೇ ಉಸ್ಮಾನಸಾಬ ಅವಳಿಗೆ ಹೇಳಿಕೊಂಡಿದ್ದ. ಬಸ್ರಾದಲ್ಲಿ ಅವನ ಗುಂಡಿಗೆ ಬಿದ್ದ ತುರ್ಕಿ ಸಿಪಾಯಿ ನೀರು ಬೇಡಿ, ಅಲ್ಲಾಹನ ಕಲ್ಮಾ ಹೇಳುತ್ತ ಸತ್ತಿದ್ದ. "ನನ್ನ ಕಡೆ ನೀರಿತ್ತು, ಮೈನಾ. ಸಾಹೇಬ ಮುಂದ ನಡಿ ಅಂದ. ನಡದೆ."

ಅಂದಿನಿಂದ ದಿನಾ ಸಂಜೆ ಅಂಗಳದ ಬೇವಿನ ಬುಡದಲ್ಲಿ ಆ ಸಿಪಾಯಿಗೆಂದು ತಾಮ್ರದ ಬಟ್ಟಲಲ್ಲಿ ನೀರು ತುಂಬಿಡುತ್ತಿದ್ದ. ಬೆಳಿಗ್ಗೆ ಅದು ತುಂಬಿಯೇ ಇದ್ದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಗಂಡ ಕಣ್ಣೆದುರೇ ಸೊರಗುವುದನ್ನು ನೋಡಲಾರದೆ ಮೈನಾಬಿ ಒಂದು ನಸುಕಿನಲ್ಲಿ ನೀರು ಚೆಲ್ಲಿ ಬಟ್ಟಲನ್ನು ಬೋರಲಿಟ್ಟಳು.

"ಕುಡದಾನ," ಎಂದು ಉಸ್ಮಾನಸಾಬ ಮಗುವಿನಂತೆ ಅತ್ತ. ಆಮೇಲೆ ಅದೇ ಅವಳ ನಸುಕಿನ ಕೆಲಸವಾಯಿತು. ಅವನು ಉಂಡ, ನಿದ್ದೆ ಮಾಡಿದ, ಮುದುಕನಾದ.

*

ಈಗ ಆ ಸಿಪಾಯಿ ಆ ಲೋಕದಲ್ಲಿ ಗಂಡನನ್ನು ತಡೆದು, ನನಗೊಂದು ಹನಿಯೂ ಮುಟ್ಟಿಲ್ಲ ಅಂದರೆ? ಮೈನಾಬಿ ಅಂಗಳಕ್ಕಿಳಿದಳು. ಬಟ್ಟಲು ತುಂಬಿ ಬೇವಿನ ಬುಡದಲ್ಲಿಟ್ಟಳು.

"ಚೆಲ್ಲಿದಾಕಿ ನಾನಪ್ಪಾ. ಅವಂಗ ಮಾಫ್ ಮಾಡು."

ಒಳಗೆ ಬಂದು ಹೆಂಗಸರ ನಡುವೆ ಕುಳಿತಳು. ಕಿವಿಯೆಲ್ಲ ಹೊರಗೇ ಇತ್ತು. ಗಾಳಿಯಿಲ್ಲದ ಮಧ್ಯಾಹ್ನ, ಆದರೂ ಬೇವು ಒಮ್ಮೆ ಅಲುಗಿದ ಸದ್ದಾಯಿತು.

ಮಣ್ಣು ಕೊಟ್ಟು ಮರಳಿದ ಪರಪ್ಪ ಅಂಗಳದಿಂದ ಕೇಳಿದ: "ವೈನಿ, ಬಟ್ಟಲಾ ನೀವ ಬೋರಲಿಟ್ಟೀರೇನು?"

ಮೈನಾಬಿ ಓಡಿ ಬಂದಳು. ಮಂಡಿಯೂರಿ ಬಟ್ಟಲಿನ ಸುತ್ತ ಅಂಗೈಯಿಂದ ನೆಲ ಸವರಿದಳು. ಬಿಸಿ ಧೂಳು. ಒಂದು ಹನಿ ಬಿದ್ದ ಗುರುತೂ ಇರಲಿಲ್ಲ.