ಗರುಡ ಒದ್ದ ತಲೆ

ನಾನು ಅಡ್ಡ ಬಂದರೆ ಗಣಿಯೊಳಗೆ ಕಲ್ಲು ಉದುರುತ್ತದೆ ಎಂದು ಊರಿಗೆಲ್ಲ ಸಾರಿದವನು ಕೋದಂಡಪ್ಪ ಮೇಸ್ತ್ರಿ. ನನ್ನ ಮುಖಕ್ಕೆ ಅಷ್ಟು ಶಕ್ತಿ ಇದ್ದಿದ್ದರೆ ಮೊದಲು ಅವನ ಹಲ್ಲು ಉದುರಿಸುತ್ತಿದ್ದೆ. ಕಲ್ಲಿನ ತಂಟೆಗೆ ಯಾಕೆ ಹೋಗಲಿ?

ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದ ಹೊಸತು ಅದು. ನನ್ನ ಗಂಡ ಹೋಗಿ ವರ್ಷ ತುಂಬಿರಲಿಲ್ಲ. ಕೆರೆ ಏರಿಯ ಮೇಲೆ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಾಗ ಮಂಡಲದ ಹಾವು ಕಚ್ಚಿತು. ಬಂಗಾರಪೇಟೆಗೆ ಬಂಡಿ ಕಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಕ್ಕಳಿಲ್ಲ. ಉಳಿದದ್ದು ಅಮ್ಮಾಜಿ ಎಂಬ ನಾನು, ಅತ್ತೆ ನರಸಮ್ಮ, ಎರಡು ಎಮ್ಮೆ. ತಿಥಿಯ ಊಟ ಮಾಡಿ ಕೈ ತೊಳೆಯುತ್ತಲೇ ನನ್ನಣ್ಣ ರಾಮಚಂದ್ರಪ್ಪ, "ಎಮ್ಮೆ ಮಾರ್ಬುಟ್ಟು ಬಂಗಾರಪೇಟೆಗೆ ಬಂದ್ಬುಡು ಅಮ್ಮಾಜೀ. ನಿಮ್ಮತ್ತಿಗೆಗೂ ಸೊಂಟನೋವು" ಅಂದ. ಅತ್ತಿಗೆಯ ಸೊಂಟ ನನಗೆ ಗೊತ್ತಿಲ್ಲವೇ? ಕೆಲಸದ ಹೊತ್ತಿಗೆ ನೋವು, ತವರಿಗೆ ಹೊರಟರೆ ವಾಸಿ. ಆ ಮನೆಯ ಹಿತ್ತಲು ಸೇರಿದರೆ ಪಾತ್ರೆ ಉಜ್ಜುತ್ತಲೇ ನನ್ನ ಆಯಸ್ಸು ಸವೆಯುತ್ತಿತ್ತು. ಅತ್ತೆಯನ್ನು ಯಾರೂ ಕರೆದಿರಲಿಲ್ಲ. ಎಮ್ಮೆ ಇರುವ ತನಕ ನಾನು ಎಲ್ಲಿಗೂ ಬರುವುದಿಲ್ಲ ಎಂದುಬಿಟ್ಟೆ.

ಎಮ್ಮೆ ಇರಬೇಕಾದರೆ ಹಾಲು ಉರಿಗಾಂ ಸೇರಬೇಕು. ಅಲ್ಲಿ ಗಣಿ ಕೆಲಸದವರ ಲೈನ್ ಮನೆಗಳ ತುದಿಯಲ್ಲಿ ಆರುಮುಗಂ ಟೀ ಅಂಗಡಿ. ಗಣಿಯ ಸೈರನ್ನಿಗೆ ನಮ್ಮ ಕಡೆ ಸಂಗು ಅನ್ನುತ್ತಾರೆ. ಬೆಳಗಿನ ಸಂಗು ಕೂಗಿದರೆ ಗಂಡಸರೆಲ್ಲ ಕೇಜು ಹತ್ತಿ ಭೂಮಿಯೊಳಗೆ ಇಳಿದುಬಿಡುತ್ತಾರೆ, ಅಂಗಡಿ ಬಿಕೋ ಅನ್ನುತ್ತದೆ. ಮೊದಲ ದಿನವೇ ಆರುಮುಗಂ ಹೇಳಿದ್ದ: "ಸಂಗು ಊದೋಕೆ ಮುಂಚೆ ಪಾಲ್ ಬೇಕು ಅಕ್ಕಾ. ಆಮೇಲೆ ನೀ ಪಾಯಸಾನೇ ತಂದ್ರೂ ನಂಗೆ ಬ್ಯಾಡ."

ಹಾಗಾಗಿ ಕತ್ತಲು ಹರಿಯುವ ಹೊತ್ತಿಗೆ ತಲೆಯ ಮೇಲೆ ಹಾಲಿನ ಬಿಂದಿಗೆ ಇಟ್ಟು ಹೊರಡುತ್ತಿದ್ದೆ. ಆ ನಡಿಗೆ ನನಗೆ ಇಷ್ಟವಾಗಿತ್ತು. ಇದನ್ನು ಹೇಳಿದರೆ ಗಂಡ ಸತ್ತವಳಿಗೆ ಇಷ್ಟ ಬೇರೆ ಕೇಡು ಅನ್ನುತ್ತಾರೆ. ಅನ್ನಲಿ. ಹೊಲದ ಬದುವಿನಲ್ಲಿ ಕೌಜುಗಗಳು ಗಲಾಟೆ ಮಾಡುತ್ತಿದ್ದವು. ಗುಳ್ಳೆನರಿಯೊಂದು ದಿನಾ ಅದೇ ಬಂಡೆಯ ಹತ್ತಿರ ನಿಂತು ನನ್ನನ್ನು ಕೆಳಗಿಂದ ಮೇಲೆ ನೋಡಿ, ಇವಳೇ ಅಲ್ಲವೇ ಎಂಬಂತೆ ಸುಮ್ಮನೆ ಹೋಗುತ್ತಿತ್ತು. ಸೈನೈಡ್ ದಿಬ್ಬದ ಬುಡದಲ್ಲಿ ಕೆಲವು ದಿನ ಜಿಂಕೆ. ದಿಬ್ಬ ಅಂದರೆ ಗಣಿಯವರು ಚಿನ್ನ ತೆಗೆದು ಬಿಸಾಡಿದ ಮಣ್ಣು, ಅಲ್ಲಿ ಒಂದು ಗರಿಕೆಯೂ ಹುಟ್ಟದು. ಆದರೂ ಅದರ ಮೇಲೆ ಡೇಗೆ ಹಕ್ಕಿಯೊಂದು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಾ, ಸರಕ್ಕನೆ ಬಿದ್ದು ಇಲಿ ಹಿಡಿದು ಏಳುತ್ತಿತ್ತು. ಒಂದು ಪ್ರಾಣಿ ಕೂಡ ನನ್ನ ಹಣೆಯಲ್ಲಿ ಕುಂಕುಮ ಇದೆಯೋ ಇಲ್ಲವೋ ಎಂದು ನೋಡಲಿಲ್ಲ.

ನೋಡಿದವರು ಗಂಡಸರು. ನಮ್ಮ ಮನೆ ಊರಾಚೆ ಹೊಲದಲ್ಲಿ. ಅಲ್ಲಿಂದ ಬರುವ ಕಾಲುದಾರಿ ಊರಿನ ಬಂಡಿದಾರಿಯನ್ನು ಸೇರುವುದು ಹುಣಸೆಮರದ ಬಳಿ. ಗಣಿಗೆ ಹೊರಟ ಊರವರಿಗೆ ದಿನಾ ಅಲ್ಲೇ ನಾನು ಅಡ್ಡ ಬರುತ್ತಿದ್ದೆ. ಅವರದೊಂದು ಲೆಕ್ಕ: ನರಿ ಕಂಡರೆ ಒಳ್ಳೆಯದು, ಮುಂಗುಸಿ ಕಂಡರೆ ಒಳ್ಳೆಯದು, ಮೊಲ ಅಡ್ಡ ಬಂದರೆ ಕೆಟ್ಟದ್ದು, ಗೂಬೆ ಕೆಟ್ಟದ್ದು, ಗರುಡ ಕಂಡರಂತೂ ನಿಂತು ಕೆನ್ನೆ ಕೆನ್ನೆ ಬಡಿದುಕೊಂಡು ಗೋವಿಂದಾ ಅನ್ನಬೇಕು. ಆ ಲೆಕ್ಕದಲ್ಲಿ ನನಗೆ ಗೂಬೆಗಿಂತ ಕೆಳಗಿನ ಜಾಗ.

ಒಂದು ದಿನ ಕೋದಂಡಪ್ಪ ಹುಣಸೆಮರದ ಕೆಳಗೆ ಎಲ್ಲರನ್ನೂ ನಿಲ್ಲಿಸಿಕೊಂಡು ನನಗಾಗಿಯೇ ಕಾದಿದ್ದ.

"ನೋಡಮ್ಮಾ ಅಮ್ಮಾಜೀ, ನಾವು ಜೀವ ಕೈಯಲ್ಲಿ ಇಡ್ಕಂಡು ಒಳೀಕ್ಕೆ ಇಳಿಯೋರು. ಬೆಳಗ್ಗೆ ಬೆಳಗ್ಗೆ ನೀನು ಇಂಗೆ ಎದುರಾದ್ರೆ ಎಂಗೆ? ಸಂಗು ಕೂಗಿದ್ಮೇಲೆ ಓಗು."

"ಸಂಗು ಕೂಗಿದ್ಮೇಲೆ ಆಲು ಯಾರಿಗೆ ಕುಡಿಸ್ಲಿ ಮಾವ, ಸೈನೈಡ್ ದಿಬ್ಬಕ್ಕಾ?" ಅಂದೆ.

"ಅಂಗಾದ್ರೆ ನಮಗಿಂತ ಮುಂಚೆ ಒರಡು."

"ನಾನು ಒರಡ್ತೀನಿ. ನೀವು ಬಂದು ಎಮ್ಮೆಗೆ ಯೋಳಿ, ಬ್ಯಾಗ ಸೊರೆ ಬುಡು ಅಂತ."

ಹಿಂದೆ ನಿಂತಿದ್ದ ಶ್ರೀರಾಮಪ್ಪ ಎಂಬ ಹುಡುಗುಬುದ್ಧಿಯ ಆಳು ಕಿಸಕ್ಕನೆ ನಕ್ಕ. ಮೇಸ್ತ್ರಿಯ ಮುಖ ಕೆಂಪಾಯಿತು.

"ಕೆರೆ ಏರಿ ಮ್ಯಾಲೆ ಓಗು. ಅದೂ ಉರಿಗಾಂಗೇ ಓಗ್ತದೆ. ಈ ದಾರೀಲಿ ನಾಳೆಯಿಂದ ನಿನ್ನ ಮುಖ ಕಾಣ್ಬಾರದು."

ಕೆರೆ ಏರಿ! ಕತ್ತಲಲ್ಲಿ, ಮೊಣಕಾಲುದ್ದ ಹುಲ್ಲಿನಲ್ಲಿ, ನನ್ನ ಗಂಡ ಬಿದ್ದ ಜಾಗದಲ್ಲಿ! ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಹೆದರಿಕೆ ನನಗೆ ತಿಳಿಯದ್ದಲ್ಲ. ಭೂಮಿಯ ಹೊಟ್ಟೆಯೊಳಗೆ ಇಳಿಯುವವನಿಗೆ ಏನನ್ನಾದರೂ ನಂಬಬೇಕು ಅನ್ನಿಸುತ್ತದೆ. ಆದರೆ ಹೆದರಿಕೆ ಅವರದು, ದಾರಿ ಬಿಡಬೇಕಾದವಳು ನಾನಾ? ಅದುವರೆಗೂ ವಯಸ್ಸಿಗೆ ಬೆಲೆ ಕೊಟ್ಟು ಅವನಿಗೆ ಬಹುವಚನ ಹಾಕುತ್ತಿದ್ದೆ. ಅವತ್ತು ಅದನ್ನು ಅಲ್ಲೇ ಬಿಟ್ಟೆ.

"ಎದರಿಕೊಂಡೋನು ನೀನು. ಕೆರೆ ಏರಿ ಮ್ಯಾಲೆ ನೀನು ಓಗು. ನಾನು ಸಾಯೋಗಂಟ ಈ ದಾರೀಲೇ ನಡೀತೀನಿ."

ಮಾರನೆಯ ದಿನ ನಾನು ಅದೇ ಹೊತ್ತಿಗೆ ಅದೇ ಮರದ ಕೆಳಗೆ ಬಂದೆ. ಕೆಲವರು ಮುಖ ತಿರುಗಿಸಿಕೊಂಡು ಹೋದರು. ಶ್ರೀರಾಮಪ್ಪ ಟವಲನ್ನು ಮುಖಕ್ಕೆ ಮುಚ್ಚಿಕೊಂಡು ನಡೆದು ಚರಂಡಿಗೆ ಬಿದ್ದ. ಮೇಸ್ತ್ರಿ ಮಾತ್ರ ಹಟ ಬಿಡಲಿಲ್ಲ. ಒಬ್ಬನೇ ಕೆರೆ ಏರಿ ಹಿಡಿದ.

ಸಂಕ್ರಾಂತಿ ಕಳೆದ ಮೇಲೆ ಏರಿಯ ಆಲದ ಮರದಲ್ಲಿ ಒಂದು ಜೋಡಿ ಗರುಡ ಗೂಡು ಕಟ್ಟಿದವು. ನನ್ನ ದಾರಿಯ ದಿಣ್ಣೆಯಿಂದ ಮರ ಚೆನ್ನಾಗಿ ಕಾಣುತ್ತಿತ್ತು. ಇಟ್ಟಿಗೆ ಬಣ್ಣದ ಮೈ, ಬಿಳಿ ತಲೆ. ಮೊದಲು ಕಡ್ಡಿ ಹೊತ್ತವು, ಆಮೇಲೆ ಯಾರದೋ ಹರಕು ಬನಿಯನ್. ಒಂದು ದಿನ ಗರುಡನ ಕಾಲಲ್ಲಿ ಹಾವೊಂದು ನೇತಾಡುತ್ತಿತ್ತು. ನಾನು ಅಲ್ಲೇ ನಿಂತು, "ಇನ್ನೂ ಇಡಿ, ಒಂದ್ ಆವೂ ಬುಡ್ಬ್ಯಾಡ" ಎಂದು ಕೂಗಿದೆ. ಕಣ್ಣಲ್ಲಿ ನೀರು ಬಂತು.

ಮೇಸ್ತ್ರಿಗೋ ದಿನಾ ಗರುಡ ದರ್ಶನ. "ನಿಮ್ ದಾರೀಲಿ ಮುಂಡೆ, ನನ್ ದಾರೀಲಿ ದೇವರು" ಎಂದು ಟೀ ಅಂಗಡಿಯಲ್ಲಿ ಜಂಬ ಕೊಚ್ಚುತ್ತಿದ್ದನಂತೆ. ಗೂಡಿನ ನೇರ ಕೆಳಗೆ ನಿಂತು, ಕತ್ತೆತ್ತಿ ನೋಡಿ, ಕೆನ್ನೆ ಬಡಿದುಕೊಂಡು, ಕಣ್ಣು ಮುಚ್ಚಿ ಕೈಮುಗಿಯುವುದು ಅವನ ಪದ್ಧತಿ. ಮರಿ ಹೊರಬಂದ ಮೇಲೆ ಗರುಡನ ಕೂಗೇ ಬೇರೆಯಾಯಿತು. ಕಾಗೆ ಹತ್ತಿರ ಬಂದರೂ ಅಟ್ಟಿಸಿಕೊಂಡು ಹೋಗುತ್ತಿತ್ತು. ನನಗೆ ಸುಮ್ಮನಿರಲಾಗಲಿಲ್ಲ. ದಿಣ್ಣೆಯ ಮೇಲಿಂದ, "ಮೇಸ್ತ್ರೀ, ಆ ಮರದ ಕೆಳಗೆ ನಿಂತ್ಕಬ್ಯಾಡ, ಮರಿ ಮಾಡೈತೆ" ಎಂದು ಕೂಗಿದೆ. ಅವನು ನನ್ನ ದನಿ ಕಿವಿಗೆ ಬೀಳದಂತೆ ಎರಡೂ ಕಿವಿ ಮುಚ್ಚಿಕೊಂಡ. ಸರಿ, ನಿನ್ನ ದೇವರು, ನಿನ್ನ ತಲೆ ಅಂದುಕೊಂಡೆ.

ಮೂರು ನಾಲ್ಕು ದಿನ ಕಳೆದಿರಬೇಕು. ಗಂಡಸರೆಲ್ಲ ಮುಂದೆ ಹೋಗಿಬಿಟ್ಟಿದ್ದರು. ನಾನು ದಿಣ್ಣೆ ಹತ್ತುತ್ತಿದ್ದೆ. ಅತ್ತ ಮೇಸ್ತ್ರಿ ಆಲದ ಕೆಳಗೆ ಕೈಮುಗಿದು ನಿಂತಿದ್ದು ಕಂಡಿತು. ಹಿಂದಿನಿಂದ ಗರುಡ ಬಂತು. ರೆಕ್ಕೆ ಮಡಿಸಿ, ಸದ್ದಿಲ್ಲದೆ, ನೇರ ತಲೆಗೆ ಒದೆಯಿತು. ರುಮಾಲು ಅದರ ಉಗುರಿಗೆ ಸಿಕ್ಕಿ ಹಾರಿ ಕೆರೆಯ ನೀರಿಗೆ ಬಿತ್ತು. ಇನ್ನೊಂದು ಗರುಡ ಎದುರಿನಿಂದ ಬಂತು. "ಅಯ್ಯಯ್ಯೋ ಗೋವಿಂದಾ" ಎನ್ನುತ್ತಾ ಮೇಸ್ತ್ರಿ ಏರಿಯಿಂದ ಕಲ್ಲಿನ ಇಳಿಜಾರಿಗೆ ಉರುಳಿದ.

ನಗು ಬಂತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಬಂತು. ಆಮೇಲೆ ಅವನು ಏಳಲಿಲ್ಲ, ನಗು ನಿಂತಿತು. ಆ ಏರಿಯ ಹುಲ್ಲಿಗೆ ನಾನು ಗಂಡ ಹೋದಂದಿನಿಂದ ಕಾಲಿಟ್ಟಿರಲಿಲ್ಲ. ಕೈಗೆ ಸಿಕ್ಕ ಕೋಲನ್ನು ಒಂದೊಂದು ಹೆಜ್ಜೆಗೂ ನೆಲಕ್ಕೆ ಬಡಿಯುತ್ತಾ, ಹಾವಿಗೂ ಮೇಸ್ತ್ರಿಗೂ ಒಟ್ಟಿಗೆ ಬೈಯುತ್ತಾ ಇಳಿದೆ. ಅವನ ಕಾಲು ಉಳುಕಿ ಊದಿತ್ತು, ನೆತ್ತಿಯಿಂದ ರಕ್ತ ಇಳಿಯುತ್ತಿತ್ತು. ನನ್ನ ದನಿ ಕೇಳಿದ್ದೇ ತಡ, ಮಹಾರಾಯ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ!

"ಕಣ್ಣು ಬುಡು" ಅಂದೆ.

"ಯಾರನ್ನಾದ್ರೂ ಕಳ್ಸಮ್ಮಾ ನಿನ್ ದಮ್ಮಯ್ಯಾ."

"ಯಾರೂ ಇಲ್ಲ. ನಾನು, ನೀನು, ಮ್ಯಾಲೆ ನಿನ್ನ ದೇವರು. ಅದು ಇನ್ನೂ ಸುತ್ತತಾ ಐತೆ. ಕಣ್ಣು ಬುಟ್ಟು ನನ್ನ ಮುಖ ನೋಡಿದ್ರೆ ಕೈ ಕೊಡ್ತೀನಿ. ಇಲ್ಲಾಂದ್ರೆ ನನಗೆ ಆಲಿನ ಒತ್ತಾಯ್ತು, ಓಯ್ತೀನಿ."

ಗರುಡ ಇನ್ನೊಮ್ಮೆ ಕೂಗಿತು. ಮೇಸ್ತ್ರಿ ಕಣ್ಣು ಬಿಟ್ಟ.

ತಲೆಯ ಮೇಲೆ ಹಾಲು, ಹೆಗಲ ಮೇಲೆ ಮೇಸ್ತ್ರಿ. ಹಾಗೇ ಆರುಮುಗಂ ಅಂಗಡಿ ಮುಂದೆ ಹೋಗಿ ನಿಂತೆ. ಕರಿ ಟೀ ಕುಡಿಯುತ್ತಾ ಹಾಲಿಗೆ ಕಾಯುತ್ತಿದ್ದ ಗಂಡಸರೆಲ್ಲ ಬಾಯಿ ತೆರೆದು ಕೂತರು. ವಿಷಯ ಕೇಳಿದ ಮೇಲೆ ಶ್ರೀರಾಮಪ್ಪನೇ ಕೇಳಿದ್ದು: "ಗರುಡ ಕಂಡ್ರೆ ಒಳ್ಳೇದು ಸರಿ. ಗರುಡ ಒದ್ರೆ?" ತೆಲುಗಿನಲ್ಲಿ ಒಂದಷ್ಟು, ತಮಿಳಿನಲ್ಲಿ ಒಂದಷ್ಟು ವಾದ ನಡೆಯಿತು. "ಅದೆಲ್ಲಾ ಆಮೇಲೆ, ಮೊದ್ಲು ಪಾಲ್ ಕೊಡಕ್ಕಾ" ಅಂದ ಆರುಮುಗಂ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಎಲ್ಲಿಯ ಮಾತು! ಮನೆಯಲ್ಲಿ ಮಲಗಿದ ಮೇಸ್ತ್ರಿ ನೋಡಲು ಬಂದವರಿಗೆಲ್ಲ ಬೇರೆಯೇ ಕಥೆ ಹೇಳಿದ: ಆ ಮುಂಡೆ ದಿಣ್ಣೆ ಮೇಲಿಂದ ಕೂಗಿ ಶಾಪ ಹಾಕಿದಳು, ದೇವರಂಥ ಗರುಡನೂ ತಿರುಗಿಬಿತ್ತು. ಕಾಲು ಸರಿಹೋದ ದಿನವೇ ಹುಣಸೆಮರದ ಹತ್ತಿರ ನಿಂತು ನನ್ನನ್ನು ಹಿಂದಕ್ಕೆ ಅಟ್ಟುತ್ತಾನಂತೆ, ನನ್ನ ಹಾಲು ಮುಟ್ಟಕೂಡದು ಎಂದು ಆರುಮುಗಂಗೂ ಹೇಳುತ್ತಾನಂತೆ. ನಾನು ಹೆಗಲು ಕೊಟ್ಟು ಹೊತ್ತು ತಂದ ಗಂಡಸು!

ಈ ಸುದ್ದಿ ತಂದವರು ಅತ್ತೆ. ನರಸಮ್ಮ ನನ್ನ ಗಂಡ ತೊಟ್ಟಿಲಲ್ಲಿದ್ದಾಗಲೇ ವಿಧವೆಯಾದವರು. ಅಂದಿನಿಂದ ಹೊತ್ತು ಏರುವ ತನಕ ಹೊರಗೆ ಮುಖ ತೋರಿಸಿದವರಲ್ಲ. ಬಾಗಿಲ ಸಂದಿಯಲ್ಲಿ ನೋಡಿ, ದಾರಿಯಲ್ಲಿ ಯಾರೂ ಇಲ್ಲ ಅಂದರೆ ಮಾತ್ರ ಸೆರಗು ಮುಖದ ತನಕ ಎಳೆದು ಹೊರಬರುತ್ತಿದ್ದರು. ನಾನು ಹೊರಟಾಗೆಲ್ಲ, "ಬ್ಯಾಡ ಕಣೇ, ಗಂಡಸ್ರ ಬಾಯಿಗೆ ಬೀಳ್ಬ್ಯಾಡ" ಅನ್ನುತ್ತಿದ್ದರು. ಅವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಮೇಸ್ತ್ರಿ ಬರುವ ದಿನ ಬೆಳಗ್ಗೆ ನಾನು ಬಿಂದಿಗೆ ಎತ್ತಿಕೊಂಡು ತಿರುಗಿದರೆ ಅತ್ತೆ ಬಾಗಿಲಾಚೆ ಅಂಗಳದಲ್ಲಿ ನಿಂತಿದ್ದಾರೆ, ಕೈಯಲ್ಲಿ ನೀರಿನ ಚೊಂಬು.

"ಎಲ್ಲಿಗೆ ಅತ್ತೆ?"

"ಒಂದ್ ಮುಂಡೆ ಕಂಡ್ರೆ ಎದರೋನು ಎರಡು ಕಂಡ್ರೆ ಏನ್ ಮಾಡ್ತಾನೋ ನೋಡಾಣ, ನಡಿ."

ಹುಣಸೆಮರದ ಕೆಳಗೆ ಮೇಸ್ತ್ರಿ ಕೋಲು ಊರಿ ದಾರಿಗೆ ಅಡ್ಡ ನಿಂತಿದ್ದ. ತಲೆಗೆ ಹೊಸ ರುಮಾಲು. ಹಿಂದೆ ಗಂಡಸರ ಗುಂಪು. ನಮ್ಮಿಬ್ಬರನ್ನೂ ಕಂಡು ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಅವನ ಮುಂದೆಯೇ, ಗಣಿಗೆ ಹೋಗುವ ಕಡೆ, ಬಂಡಿದಾರಿಯ ನಡುಮಧ್ಯೆ ಬಿಂದಿಗೆ ಇಳಿಸಿದೆ.

"ಕೂತ್ಕಳಿ ಅತ್ತೆ. ಸಕುನ ಸರಿಯಿಲ್ಲ. ಗರುಡ ಒದ್ದ ತಲೆ ಅಡ್ಡ ಬಂತು."

ಅತ್ತೆ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಮೇಸ್ತ್ರಿಯತ್ತ ನೋಡಿ ಥೂ ಥೂ ಥೂ ಎಂದು ಮೂರು ಸಲ ಉಗಿದು, ಕೆಟ್ಟ ಶಕುನವಾದಾಗ ಗಂಡಸರು ಮಾಡುವಂತೆಯೇ ಚೊಂಬಿನ ನೀರು ಬಾಯಿಗೆ ಹುಯ್ದುಕೊಂಡರು.

"ಬೆಳಗ್ಗೆನೇ ಎಂಥಾ ಮುಖ ನೋಡಿದ್ವಲ್ಲಮ್ಮಾ. ಒಂದ್ ಗಳಿಗೆ ಕುಂತು ಓಗಾಣ."

ಮೊದಲು ನಕ್ಕವನು ಶ್ರೀರಾಮಪ್ಪ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಒಬ್ಬ ಹೊಟ್ಟೆ ಹಿಡಿದು ಮರಕ್ಕೆ ಒರಗಿದ. ಮೇಸ್ತ್ರಿ ಕೋಲು ನೆಲಕ್ಕೆ ಕುಟ್ಟಿದ.

"ಏಳ್ರಮ್ಮಾ, ಸಂಗು ಕೂಗೋ ಒತ್ತಾಯ್ತು!"

"ನಿನಗೆ ಒತ್ತಾದ್ರೆ ಕೆರೆ ಏರಿ ಐತಲ್ಲ" ಅಂದೆ.

ಅವನು ಏರಿಯ ಕಡೆ ನೋಡಿದ. ಆಲದ ಮರದ ತುದಿಯಲ್ಲಿ ಗರುಡ ಕೂತಿತ್ತು. ಅವನ ಕೈ ತನ್ನಷ್ಟಕ್ಕೆ ತಾನೇ ರುಮಾಲಿಗೆ ಹೋಯಿತು. ಬಂಡಿದಾರಿಯ ಎರಡೂ ಪಕ್ಕ ಕಳ್ಳಿ ಬೇಲಿ, ನಡುವೆ ಇಬ್ಬರು ವಿಧವೆಯರು. ಮೇಸ್ತ್ರಿ ಕೋಲು ಎತ್ತಿಕೊಂಡು ಪಕ್ಕಕ್ಕೆ ಸರಿದ.

"ನಡೀರಮ್ಮಾ. ನೀವೇ ಮುಂದೆ ನಡೀರಿ."

ನಡೆದೆವು. ಮುಂದೆ ಅತ್ತೆ, ಹಿಂದೆ ನಾನು, ನಮ್ಮ ಹಿಂದೆ ಗಣಿಗೆ ಹೋಗುವ ಅಷ್ಟೂ ಗಂಡಸರು. ದಿಣ್ಣೆಯ ಮೇಲೆ ಗರುಡ ನಮ್ಮ ತಲೆಯ ಮೇಲಿಂದಲೇ ಹಾದುಹೋಯಿತು. ಹಿಂದೆ ಗೋವಿಂದಾ ಗೋವಿಂದಾ ಎಂಬ ಸದ್ದು, ಕೆನ್ನೆ ಬಡಿದುಕೊಂಡ ಸದ್ದು. ನನ್ನ ಎರಡೂ ಕೈ ಬಿಂದಿಗೆಯ ಮೇಲಿದ್ದವು. ಅತ್ತೆಯೂ ಕೈಮುಗಿಯಲಿಲ್ಲ. ಕತ್ತೆತ್ತಿ, ಅದು ಸೈನೈಡ್ ದಿಬ್ಬದಾಚೆ ಮರೆಯಾಗುವ ತನಕ ನೋಡಿದರು. ಹಾಗೆ ನೋಡುವಾಗ ಸೆರಗು ತಲೆಯಿಂದ ಜಾರಿತು. ಅವರು ಅದನ್ನು ಮತ್ತೆ ಮುಖಕ್ಕೆ ಎಳೆದುಕೊಳ್ಳಲಿಲ್ಲ.

ಸಂಗು ಕೂಗಿದ್ದು ನಾವು ಹಾಲು ಅಳೆದುಕೊಟ್ಟ ಮೇಲೆ.