ಬೀದಿ ನಕ್ಕ ಮೇಲೆ

ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವಿಲ್ಮಾರನ ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಅಣಕುಹಾಡು ಹಾಡುವ ಮುರ್ಗಾ ಮೇಳದವರು ಇನ್ನೂ ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ನಗೆಮಾತು ಇಂಟರ್ನೆಟ್ಟಿನ ದಾರಿ ಸವೆಸಿ ಇವರ ಪರದೆಗೆ ಬರುವ ಹೊತ್ತಿಗೆ, ಎದುರುಮನೆಯ ಎಲ್ವಿಯೋ ಟಿವಿ ಮುಂದೆ ನಕ್ಕು ಮುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ.

"ಮುಚ್ಚೇ ಅದನ್ನ," ಎಂದ ಮುದುಕ ವಿಲ್ಮಾರ್. "ಊರೆಲ್ಲ ಉಂಡೆದ್ದ ಮೇಲೆ ನನಗೆ ಎಂಜಲು ಬಡಿಸ್ತೀಯಾ?"

ಸೊಸೆ ಸುಲ್ಮಾ ಮುಚ್ಚಿದಳು. ಮೊಂಟೆವಿಡಿಯೋದ ಕಾರ್ನಿವಲ್‌ನಲ್ಲಿ ಮಂಡಿ ಕೈಕೊಡುವವರೆಗೂ ದೊಡ್ಡ ಡೋಲು ಬಾರಿಸಿದವನು ಮಾವ. ಒಂದೇ ಒಂದು ಏಟು ಹಿಂದೆ ಬಿದ್ದರೂ ಅವತ್ತು ಊಟ ಬಿಡುತ್ತಿದ್ದ ಮನುಷ್ಯ. ಅಂಥವನನ್ನು ಬೀದಿಗಿಂತ ಹಿಂದೆ ಕೂರಿಸಿ ನಗಿಸುವುದೆಂದರೆ ಅವಮಾನವಲ್ಲದೆ ಇನ್ನೇನು? ನಾಳೆ ಸಂಜೆ ಅವನದೇ ಹಳೆಯ ಮೇಳ ಸ್ಪರ್ಧೆಗೆ ಇಳಿಯುವುದಿತ್ತು.

ಟಿವಿ ಕೆಟ್ಟು ಕೂತಿತ್ತು, ನಿಜ. ಆದರೆ ಮಾಳಿಗೆಯ ಆಂಟೆನಾಕ್ಕೆ ಏನೂ ಆಗಿರಲಿಲ್ಲ. ಅದರ ತಂತಿ ಕಿಟಕಿಯ ಪಕ್ಕದಲ್ಲಿ ಸುಮ್ಮನೆ ಜೋತಾಡುತ್ತಿತ್ತು. ಬೆಳಿಗ್ಗೆ ಸುಲ್ಮಾ ದೊಡ್ಡ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ, ಕಂಪ್ಯೂಟರಿಗೆ ಚುಚ್ಚಿದರೆ ಟಿವಿ ತೋರಿಸುವ ಬೆರಳುದ್ದದ ಟ್ಯೂನರ್ ಕೊಂಡಳು. ಅದಕ್ಕೂ ಆಂಟೆನಾಕ್ಕೂ ಸರಿಹೊಂದುವ ಕೇಬಲ್ ಬೇಕೆಂದು ಬಿಡಿಸಿ ಬಿಡಿಸಿ ಕೇಳಿದಳು. ಅಂಗಡಿಯವನು ತಲೆ ಎತ್ತದೆ ಒಂದು ಪೊಟ್ಟಣ ತಳ್ಳಿದ. "ಕಣ್ಣು ಮುಚ್ಕೊಂಡು ಹಾಕಿ, ಸೆನ್ಯೋರಾ."

ಮನೆಗೆ ಬಂದು ಕಣ್ಣು ತೆರೆದೇ ಹಾಕಿದಳು. ಕೇಬಲಿನ ಎರಡು ತುದಿಯೂ ದಪ್ಪ. ಟ್ಯೂನರಿನ ತೂತು ಬೇಳೆಕಾಳಿನಷ್ಟು. ತಪ್ಪು ತನ್ನದೇ ಇರಬೇಕೆಂದು ತಿರುಗಿಸಿ ನೋಡಿದಳು, ಪೊಟ್ಟಣದ ಮೇಲಿನದನ್ನು ಮತ್ತೆ ಓದಿದಳು, ತಾನು ಸರಿಯಾಗಿ ಕೇಳಿದ್ದೆನೋ ಇಲ್ಲವೋ ಎಂದು ನೆನಪು ಮಾಡಿಕೊಂಡಳು. ಕೇಳಿದ್ದಳು. ಸಿಟ್ಟಿನಿಂದ ಪೊಟ್ಟಣ ಎತ್ತಿಕೊಂಡು ಮತ್ತೆ ಅಂಗಡಿಗೆ ಹೊರಟಳು.

"ನಾನೂ ಬರ್ತೀನಿ," ಎಂದು ಮಾವ ಊರುಗೋಲು ಹಿಡಿದ.

ಅಂಗಡಿಯವನು ಕೇಬಲನ್ನು ಮುಟ್ಟಲೂ ಇಲ್ಲ. "ಬಿಚ್ಚಿದ ಪೊಟ್ಟಣ ವಾಪಸ್ ತಗೊಳ್ಳಲ್ಲ."

"ಬಿಚ್ಚದೆ ಕೂರುತ್ತೋ ಇಲ್ವೋ ಅಂತ ಹೇಗ್ರೀ ಗೊತ್ತಾಗೋದು?" ಎಂದಳು ಸುಲ್ಮಾ.

"ಅದು ನಿಮಗೆ ಗೊತ್ತಿರಬೇಕಿತ್ತು. ಇಷ್ಟೆಲ್ಲ ಯಾಕೆ ಒದ್ದಾಡ್ತೀರಿ? ಕೇಬಲ್ ಕಂಪನಿಗೆ ಚಂದಾ ಕಟ್ಟಿ. ಈ ಕಾಲದಲ್ಲಿ ಯಾರು ಆಂಟೆನಾ ಇಟ್ಕೋತಾರೆ?"

ಆಕಾಶದಿಂದ ಪುಕ್ಕಟೆ ಬರುವುದನ್ನು ನೋಡಲು ಇವನ ಅಪ್ಪಣೆ ಬೇಕೇ? ಸುಲ್ಮಾಳ ಬಾಯಿಗೆ ನೂರು ಮಾತು ಬಂದವು. ಯಾವುದು ನ್ಯಾಯ, ಯಾವುದು ಅತಿ ಎಂದು ಆರಿಸುತ್ತ ನಿಂತದ್ದರಲ್ಲಿ ಒಂದೂ ಹೊರಡಲಿಲ್ಲ.

ಮಾವ ಆರಿಸುತ್ತ ಕೂರುವವನಲ್ಲ. ಬಾಗಿಲ ಬಳಿ ಫ್ರಿಜ್ಜಿನ ಖಾಲಿ ರಟ್ಟಿನ ಡಬ್ಬವಿತ್ತು. ಅದಕ್ಕೆ ಸೊಂಟ ಆನಿಸಿ ನಿಂತು, ಅಂಗೈಯಿಂದ ಒಂದು ಏಟು ಹಾಕಿದ. ಎದುರಿನ ಬಸ್ ನಿಲ್ದಾಣದವರೆಲ್ಲ ತಿರುಗಿದರು. ಮುರ್ಗಾದವನು ಡೋಲು ಹಿಡಿದರೆ ಯಾರದೋ ಮಾನ ಹೋಗಲಿದೆಯೆಂದು ಈ ಊರಲ್ಲಿ ಯಾರಿಗೆ ಗೊತ್ತಿಲ್ಲ?

"ಬಿಚ್ಚದೆ ನೋಡು ಅಂತಾನೆ, ಬಿಚ್ಚಿದ್ರೆ ವಾಪಸ್ ಇಲ್ಲಂತಾನೆ,
ಮುಚ್ಚಿದ ಪೊಟ್ಟಣದೊಳಗಿನ ಸತ್ಯ ಇವನೊಬ್ಬನೇ ಬಲ್ಲಂತಾನೆ!"

ನಿಲ್ದಾಣದಲ್ಲಿ ಮಾತೆ ಎಂಬ ಸೊಪ್ಪಿನ ಚಹಾ ಹೀರುತ್ತಿದ್ದ ಹೆಂಗಸೊಬ್ಬಳು ಎರಡನೆಯ ಸಾಲನ್ನು ಎತ್ತಿಕೊಂಡಳು. ಎರಡನೆಯ ಸುತ್ತಿಗೆ ಎಲ್ಲರೂ ದನಿಗೂಡಿಸಿದರು. ಬಂದ ಬಸ್ಸಿಗೂ ಯಾರೂ ಹತ್ತಲಿಲ್ಲ.

"ನಿಲ್ಲಿಸಿ, ವಿಲ್ಮಾರ್ ಯಜಮಾನ್ರೇ, ವ್ಯಾಪಾರದ ಜಾಗ ಇದು," ಎಂದು ಅಂಗಡಿಯವನು ಮೂಲೆಯ ಡ್ರಾಯರ್ ಎಳೆದ. ಗೇಣುದ್ದದ ತಂತಿಯೊಂದು ಹೊರಬಂತು. ಒಂದು ತುದಿಗೆ ಕಾಳಿನಷ್ಟು ಪಿನ್ನು, ಇನ್ನೊಂದಕ್ಕೆ ಆಂಟೆನಾ ತಂತಿಯನ್ನು ತಿರುಗಿಸಿ ಕೂರಿಸುವ ದಪ್ಪ ಬಾಯಿ.

"ಅಂದ್ರೆ ಇತ್ತು," ಎಂದಳು ಸುಲ್ಮಾ.

"ಇದನ್ನ ಯಾರೂ ಕೇಳಲ್ಲ, ಸೆನ್ಯೋರಾ."

"ನಾನು ಕೇಳಿದ್ದೆ."

ಅವನು ತಂತಿಯನ್ನು ಅವಳತ್ತ ಸರಿಸಿದ. ಅಷ್ಟಕ್ಕೇ ಅವಳ ಸಿಟ್ಟು ಇಳಿಯಲಿಲ್ಲ. ಬಿಚ್ಚಿದ ಪೊಟ್ಟಣವನ್ನು ಅವನ ಮುಂದಿಟ್ಟು, ಬದಲಿಗೆ ಆ ತಂತಿ ತೆಗೆದುಕೊಂಡು, ಧನ್ಯವಾದ ಹೇಳದೆ ಬಂದಳು. ಹೇಳಬೇಕಿತ್ತೇನೋ ಎಂದು ದಾರಿಯಲ್ಲಿ ಅನಿಸಿತು. ಛೆ, ಯಾಕೆ ಹೇಳಬೇಕು?

ಸಂಜೆ, ಬೆಳಕು ಇನ್ನೂ ಇರುವಾಗಲೇ, ಪಿನ್ನು ಟಿಕ್ಕೆಂದು ಕೂತಿತು. ಕಂಪ್ಯೂಟರು ವಾಹಿನಿಗಳನ್ನು ಹುಡುಕುತ್ತ ಹುಡುಕುತ್ತ ಒಮ್ಮೆಲೇ ವೇದಿಕೆಯನ್ನು ತೋರಿಸಿತು. ಹಳೆಯ ಮೇಳ ನಿಂತಿತ್ತು. ಡೋಲಿನ ಮೊದಲ ಏಟು ಇವರ ಪರದೆಯಿಂದಲೂ ಎಲ್ವಿಯೋನ ಕಿಟಕಿಯಿಂದಲೂ ಒಟ್ಟಿಗೇ ಬಂತು. ಸುಲ್ಮಾ ಮಾವನ ಮುಖ ನೋಡಿದಳು. ನಗುತ್ತಾನೆಂದುಕೊಂಡಿದ್ದಳು.

ಮುಖ ಕೆಂಪಾಗಿತ್ತು. "ಎಳೀತಾನೆ," ಎಂದ. "ಕೇಳ್ತಾ ಇದೀಯಾ? ಹೊಸ ಹುಡುಗ ತಾಳ ಎಳೀತಾನೆ, ಏಟು ಹಿಂದೆ ಬೀಳ್ತಿದೆ."

ಊರುಗೋಲನ್ನೂ ಮರೆತು ಕಿಟಕಿಗೆ ಎದ್ದು ಹೋದ. ಎದುರಿನ ಕಿಟಕಿಯಲ್ಲಿ ಎಲ್ವಿಯೋ ಆಗಲೇ ಕೈ ಬೀಸುತ್ತಿದ್ದ. "ವಿಲ್ಮಾರ್! ಯಾರಯ್ಯ ಆ ಹುಡುಗನ ಕೈಗೆ ಡೋಲು ಕೊಟ್ಟೋರು?"

"ಅದನ್ನೇ ನಾನೂ ಕೇಳ್ತಿರೋದು!"

ಇಬ್ಬರೂ ಹುಡುಗನನ್ನು ಏಟಿಗೊಂದು ಬೈಗುಳದಂತೆ ತರಾಟೆಗೆ ತೆಗೆದುಕೊಂಡರು, ಒಬ್ಬರಿಗೊಬ್ಬರು ಹಿಂದೆ ಬೀಳದೆ.